ಬಿಎಫ್‌ಸಿಯ ಆ ಆರು ವರ್ಷಗಳು: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಸಂಜೆ ಹೊತ್ತು ಕ್ರಿಕೆಟ್ ಆಡುವವರೇ ಜಾಸ್ತಿ. ಆದರೂ ಒಂದು ಮೂಲೆ ಹಿಡಿದು ಫುಟ್‌ಬಾಲ್ ಆಡುವ ಹುಡುಗರು ಇದ್ದೇ ಇರುತ್ತಾರೆ. ಇವರಲ್ಲಿ ಬಹಳ ಜನ 2013ರಲ್ಲಿ ಅಂಗನವಾಡಿಗೆ ಹೋಗುತ್ತಿದ್ದವರು. ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ವೈಭವದ ದಿನಗಳನ್ನು ಇವರು ಕಣ್ಣಾರೆ ನೋಡಿಲ್ಲ. ಅಣ್ಣಂದಿರ ಬಾಯಲ್ಲಿ ಕೇಳಿದ್ದಾರೆ, ರೀಲ್ಸ್‌ನಲ್ಲಿ ನೋಡಿದ್ದಾರೆ. ಹಾಗೆ ಬಂದ ಕಥೆಗಳಲ್ಲಿ ಕೆಲವು ಊದಿಕೊಂಡಿವೆ, ಕೆಲವು ಇದ್ದದ್ದಕ್ಕಿಂತ ಚಿಕ್ಕದಾಗಿವೆ. ನನಗೆ ಈ ತಂಡ ಅಂದರೆ ಪ್ರಾಣ. ಅದು ಮಾಡಿದ್ದನ್ನು ಮಾಡಿದಷ್ಟೇ ಹೇಳಿದರೂ ಸಾಕಷ್ಟು ದೊಡ್ಡದು. ಅದಕ್ಕೇ ಈ ಉತ್ತರಗಳು.

ಬಿಎಫ್‌ಸಿ ಮೊದಲಿಂದಲೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡ ಅಲ್ವಾ?

ಅಲ್ಲ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಕ್ಲಬ್ ಶುರುವಾಗಿದ್ದು 2013ರ ಜುಲೈನಲ್ಲಿ. ಆಗ ಐಎಸ್‌ಎಲ್ ಇನ್ನೂ ಹುಟ್ಟಿರಲಿಲ್ಲ. ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯೂ ಕಟ್ಟಿದ ಈ ತಂಡ ನೇರವಾಗಿ ಐ-ಲೀಗ್‌ಗೆ ಇಳಿಯಿತು. ನಾಲ್ಕು ಸೀಸನ್ ಅಲ್ಲೇ ಆಡಿತು. ಐಎಸ್‌ಎಲ್‌ಗೆ ಬಂದಿದ್ದು 2017ರಲ್ಲಿ, ಜಮ್‌ಶೆಡ್‌ಪುರ ಎಫ್‌ಸಿ ಜೊತೆಗೆ. ಅಂದರೆ ವೈಭವದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐಎಸ್‌ಎಲ್‌ನ ಹೊರಗೇ ಕಳೆದವು.

ಐ-ಲೀಗ್ ಎರಡನೇ ದರ್ಜೆ ಲೀಗ್. ಅದನ್ನು ಗೆದ್ದರೆ ಏನು ದೊಡ್ಡ ವಿಷಯ?

ಈಗಿನ ಲೆಕ್ಕದಲ್ಲಿ ಐ-ಲೀಗ್ ಎರಡನೇ ದರ್ಜೆ, ಹೌದು. ಆದರೆ ಈಗಿನ ಅಳತೆಯಲ್ಲಿ ಆಗಿನದನ್ನು ಅಳೆಯಬಾರದು. ಬಿಎಫ್‌ಸಿ ಗೆದ್ದ ಹೊತ್ತಿನಲ್ಲಿ ದೇಶದ ಅಧಿಕೃತ ಅಗ್ರ ಲೀಗ್ ಐ-ಲೀಗೇ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಡೆಂಪೊ, ಸಾಲ್ಗಾಂವ್‌ಕರ್ ಎಲ್ಲರೂ ಅಲ್ಲೇ ಆಡುತ್ತಿದ್ದರು.

2014ರ ಅಕ್ಟೋಬರ್‌ನಲ್ಲಿ ಶುರುವಾದ ಐಎಸ್‌ಎಲ್ ಆಗ ಎಂಟು ತಂಡಗಳ, ಎರಡು ಮೂರು ತಿಂಗಳ ಟೂರ್ನಿ. ಬಿಎಫ್‌ಸಿ ಆಟಗಾರರೇ ಅದಕ್ಕೆ ಲೋನ್ ಮೇಲೆ, ಅಂದರೆ ಸ್ವಲ್ಪ ದಿನದ ಎರವಲಾಗಿ, ಹೋಗಿ ಬರುತ್ತಿದ್ದರು. ಸುನಿಲ್ ಛೆಟ್ರಿ ಮುಂಬೈ ಸಿಟಿಗೆ ಆಡಿದ್ದು ಹಾಗೆಯೇ. ಐಎಸ್‌ಎಲ್‌ಗೆ ಅಗ್ರ ಲೀಗ್ ಪಟ್ಟ ಸಿಕ್ಕಿದ್ದು 2019-20ರ ಸುಮಾರಿಗೆ. ಆದ್ದರಿಂದ 2014 ಮತ್ತು 2016ರ ಐ-ಲೀಗ್ ಗೆಲುವುಗಳು ಪೂರಾ ರಾಷ್ಟ್ರೀಯ ಚಾಂಪಿಯನ್ ಪಟ್ಟಗಳೇ. ಇವನ್ನು ಯಾರಾದರೂ ತಳ್ಳಿಹಾಕಿದರೆ ಸುಮ್ನೆ ಇರಬೇಡಿ.

ಒಟ್ಟು ಎಷ್ಟು ಕಪ್? ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ.

ದೊಡ್ಡ ಕಪ್‌ಗಳು ಏಳು. ಎರಡು ಐ-ಲೀಗ್, ಎರಡು ಫೆಡರೇಶನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್, ಒಂದು ಡ್ಯುರಾಂಡ್ ಕಪ್.

ಒಟ್ಟು ಸಂಖ್ಯೆಗಿಂತ ಅವು ಬಂದ ಸಾಲು ನನಗೆ ಇಷ್ಟ. 2013-14ರಲ್ಲಿ ಐ-ಲೀಗ್. 2014-15ರಲ್ಲಿ ಫೆಡರೇಶನ್ ಕಪ್. 2015-16ರಲ್ಲಿ ಮತ್ತೆ ಐ-ಲೀಗ್. 2016-17ರಲ್ಲಿ ಮತ್ತೆ ಫೆಡರೇಶನ್ ಕಪ್. 2017-18ರಲ್ಲಿ ಸೂಪರ್ ಕಪ್. 2018-19ರಲ್ಲಿ ಐಎಸ್‌ಎಲ್. ಹುಟ್ಟಿದ ದಿನದಿಂದ ಸತತ ಆರು ಸೀಸನ್, ಪ್ರತಿ ಸೀಸನ್‌ಗೂ ಒಂದು ಕಪ್. ಒಂದು ವರ್ಷವೂ ಬರಿಗೈಲಿ ಮನೆಗೆ ಹೋಗಲಿಲ್ಲ. ‘ವೈಭವದ ವರ್ಷಗಳು’ ಅಂತ ನಾನು ಕರೆಯುವುದು ಈ ಆರನ್ನೇ. ಡ್ಯುರಾಂಡ್ ಕಪ್ 2022ರಲ್ಲಿ, ಸ್ವಲ್ಪ ತಡವಾಗಿ ಬಂದಿದ್ದು.

ಮೊದಲ ವರ್ಷವೇ ಚಾಂಪಿಯನ್ ಆಗಿದ್ದು ಬರೀ ದುಡ್ಡಿನಿಂದ ತಾನೇ?

ದುಡ್ಡು ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆಟಗಾರರಿಗೆ ಒಳ್ಳೆಯ ಸೌಲಭ್ಯ ಕೊಟ್ಟರು. ಆದರೆ ದುಡ್ಡಿದ್ದ ಎಷ್ಟೋ ತಂಡಗಳು ನಮ್ಮ ದೇಶದಲ್ಲಿ ಬಂದು ಹೋಗಿವೆ. ಮೊದಲ ಸೀಸನ್‌ನಲ್ಲೇ ಲೀಗ್ ಗೆಲ್ಲಲು ದುಡ್ಡೊಂದೇ ಸಾಲದು.

ಆಗ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ಅವರ ತಂಡದ ಮೊದಲ ಗುಣ ಓಟ. ಎಂಬತ್ತನೇ ನಿಮಿಷದಲ್ಲಿ ಎದುರಾಳಿಗಳು ಸೊಂಟದ ಮೇಲೆ ಕೈಯಿಟ್ಟು ನಿಂತಾಗಲೂ ನಮ್ಮವರು ಓಡುತ್ತಿದ್ದರು. ಹಿಂದೆ, ಡಿಫೆನ್ಸ್‌ನಲ್ಲಿ, ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಜೋಡಿ. ಒಬ್ಬರು ಇಂಗ್ಲೆಂಡ್, ಇನ್ನೊಬ್ಬರು ಕೆನ್ಯಾ. ಇಬ್ಬರೂ ಇಲ್ಲಿಗೆ ಬರುವ ಮೊದಲು ದೊಡ್ಡ ಹೆಸರೇನಲ್ಲ. ಮುಂದೆ ಛೆಟ್ರಿ, ರಾಬಿನ್ ಸಿಂಗ್. 24 ಪಂದ್ಯಗಳಲ್ಲಿ 47 ಪಾಯಿಂಟ್. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಪಟ್ಟ ಖಚಿತ ಮಾಡಿಕೊಂಡರು. ಡೆಂಪೊ ಅಂದರೆ ಅದಕ್ಕೂ ಮುಂಚೆ ಹಲವು ಸಲ ಲೀಗ್ ಗೆದ್ದಿದ್ದ ತಂಡ. ಅವರ ಮನೆಗೇ ಹೋಗಿ ನಾಲ್ಕು ಗೋಲು ಹೊಡೆದು ಬಂದರು.

ಆ ಪಂದ್ಯಗಳೆಲ್ಲ ಕಂಠೀರವದಲ್ಲೇ ನಡೆದವಾ?

ಮೊದಲ ಸೀಸನ್ ಮನೆ ಪಂದ್ಯಗಳು ನಡೆದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಚಿಕ್ಕ ಮೈದಾನ, ಗಲಾಟೆ ಜಾಸ್ತಿ. ಕಂಠೀರವಕ್ಕೆ ಹೋದದ್ದು ಎರಡನೇ ಸೀಸನ್‌ನಿಂದ.

2014, 15, 16, ಮೂರು ವರ್ಷ ಸತತ ಐ-ಲೀಗ್ ಗೆದ್ದರಂತೆ?

ಇಲ್ಲ. ಗೆದ್ದಿದ್ದು 2014 ಮತ್ತು 2016. ನಡುವಿನದು ಕೈಗೆ ಬಂದಿದ್ದು ಬಾಯಿಗೆ ಬರಲಿಲ್ಲ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2015ರ ಮೇ 31. ಲೀಗಿನ ಕೊನೆಯ ಪಂದ್ಯ. ಕಂಠೀರವದಲ್ಲಿ ಬಿಎಫ್‌ಸಿ, ಮೋಹನ್ ಬಗಾನ್ ಎದುರುಬದುರು. ಬಗಾನ್‌ಗೆ ಡ್ರಾ ಸಾಕು. ನಮಗೆ ಗೆಲುವೇ ಬೇಕು. ಲೀಗ್ ಪಂದ್ಯವೇ ಫೈನಲ್ ಆಗಿ ಬಿಡುವುದು ಅಪರೂಪ. ಪಶ್ಚಿಮದ ಸ್ಟ್ಯಾಂಡ್ ನೀಲಿ, ಕೋಲ್ಕತ್ತಾದಿಂದ ಬಂದವರ ಸ್ಟ್ಯಾಂಡ್ ಹಸಿರು-ಮರೂನ್. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು. 1-0. ಅಲ್ಲಿಂದ ಮುಂದೆ ನಲವತ್ತೈದು ನಿಮಿಷ ಅದನ್ನು ಕಾಯಬೇಕಿತ್ತು. ಕಾದರು ಕೂಡ. 87ನೇ ನಿಮಿಷದಲ್ಲಿ ಬಗಾನ್‌ಗೆ ಒಂದು ಕಾರ್ನರ್. ಚೆಂಡು ಮೇಲೆ ಬಂತು. ನೈಜೀರಿಯಾದ ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. 1-1. ಇನ್ನು ಉಳಿದಿದ್ದು ಬೆರಳೆಣಿಕೆಯ ನಿಮಿಷಗಳು. ಗೋಲು ಬರಲಿಲ್ಲ. ಬಗಾನ್ 39 ಪಾಯಿಂಟ್, ನಾವು 37. ಬಗಾನ್‌ಗೆ ಅದು 13 ವರ್ಷಗಳ ನಂತರ ಸಿಕ್ಕ ಲೀಗ್. ನಮ್ಮ ಮೈದಾನದಲ್ಲೇ ಅವರು ಕಪ್ ಎತ್ತಿದರು.

ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಮೈದಾನದಲ್ಲಿ ಸಾಲ್ಗಾಂವ್‌ಕರ್ ತಂಡವನ್ನು 2-0ರಿಂದ ಸೋಲಿಸಿ ಕಪ್ ವಾಪಸ್ ತಂದರು. ಸತತ ಮೂರು ಅಂತ ಹೇಳಿದರೆ ಈ ಏಟೂ ಮಾಯವಾಗುತ್ತದೆ, ಅದರಿಂದ ಎದ್ದು ಬಂದದ್ದೂ ಮಾಯವಾಗುತ್ತದೆ.

ಬಿಎಫ್‌ಸಿ ಏಷ್ಯಾ ಚಾಂಪಿಯನ್ ಆಗಿತ್ತಾ?

ಆಗಿರಲಿಲ್ಲ. ಫೈನಲ್ ತಲುಪಿತ್ತು. ಅದೂ ಆಗ ಏಷ್ಯಾದ ಎರಡನೇ ಹಂತದ ಟೂರ್ನಿಯಾಗಿದ್ದ ಎಎಫ್‌ಸಿ ಕಪ್‌ನಲ್ಲಿ. ಆಗ ಮೊದಲ ಹಂತದ್ದು ಚಾಂಪಿಯನ್ಸ್ ಲೀಗ್. ಅದರ ಅರ್ಹತಾ ಸುತ್ತಿನಲ್ಲೇ ಬಿಎಫ್‌ಸಿ 2015ರಲ್ಲಿ ಮಲೇಷ್ಯಾದ ಜೋಹೊರ್ ದಾರುಲ್ ತಾಜಿಂ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋತಿತ್ತು.

ಈಗ 2016ಕ್ಕೆ ಬನ್ನಿ. ಕೋಚ್ ಬದಲಾಗಿದ್ದಾರೆ. ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಬಂದಿದ್ದಾರೆ. ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಜೋಹೊರ್. ಈಗ ಅವರು ಹಾಲಿ ಚಾಂಪಿಯನ್. ಮಲೇಷ್ಯಾದಲ್ಲಿ 1-1 ಡ್ರಾ. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಪಂದ್ಯ. ಮೊದಲ ಗೋಲು ಹೊಡೆದದ್ದು ಜೋಹೊರ್. ಮೈದಾನ ಒಂದು ಕ್ಷಣ ತಣ್ಣಗಾಯಿತು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಛೆಟ್ರಿ ಸಮ ಮಾಡಿದರು. ವಿರಾಮದ ನಂತರ ಛೆಟ್ರಿ ಇನ್ನೊಂದು ಹೊಡೆದರು, ಪೆನಾಲ್ಟಿ ಬಾಕ್ಸ್ ಹೊರಗಿನಿಂದ. ಆ ಗೋಲಿನ ವಿಡಿಯೊ ಸಿಕ್ಕರೆ ಚೆಂಡನ್ನು ಬಿಟ್ಟು ಗೋಲ್‌ಕೀಪರ್‌ನನ್ನು ನೋಡಿ. ಹಾರಿದ, ಆದರೆ ಚೆಂಡು ಆಗಲೇ ಬಲೆ ಸೇರಿತ್ತು. ಆಮೇಲೆ ಹುವಾನನ್ ಮೂರನೆಯದು. 3-1. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್. ಅದಕ್ಕೆ ಮುಂಚೆ ಡೆಂಪೊ, ಈಸ್ಟ್ ಬೆಂಗಾಲ್ ಎರಡೂ ಸೆಮಿಫೈನಲ್‌ನಲ್ಲೇ ನಿಂತಿದ್ದವು.

ಫೈನಲ್ ನವೆಂಬರ್ 5ರಂದು ಕತಾರ್‌ನ ದೋಹಾದಲ್ಲಿ. ಎದುರಾಳಿ ಇರಾಕಿನ ಏರ್ ಫೋರ್ಸ್ ಕ್ಲಬ್. ನಮ್ಮ ಮುಖ್ಯ ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ನಿಷೇಧ ಇತ್ತು, ಆಡುವ ಹಾಗಿರಲಿಲ್ಲ. ರಾಲ್ಟೆ ಗೋಲಿನಲ್ಲಿ ನಿಂತರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು. 0-1. ಅಷ್ಟೇ.

ಫೈನಲ್‌ನಲ್ಲಿ ಯಾವುದೋ ಮಿಲಿಟರಿ ತಂಡದ ಕೈಲಿ ಸೋತರು ಅಂತಾರೆ. ನಾಚಿಕೆ ಅಲ್ವಾ?

ಹೆಸರು ನೋಡಿ ಮೋಸ ಹೋಗಬೇಡಿ. ಆ ಕ್ಲಬ್ 1931ರಲ್ಲಿ ಶುರುವಾದದ್ದು, ಇರಾಕಿನ ದೊಡ್ಡ ಕ್ಲಬ್‌ಗಳಲ್ಲಿ ಒಂದು. 2016ರ ನಂತರ 2017, 2018ರಲ್ಲೂ ಎಎಫ್‌ಸಿ ಕಪ್ ಗೆದ್ದಿತು. ಸತತ ಮೂರು. ಅಂಥವರ ಎದುರು ಒಂದೇ ಗೋಲಿನಿಂದ ಸೋಲುವುದರಲ್ಲಿ ನಾಚಿಕೆ ಏನೂ ಇಲ್ಲ.

ಎಲ್ಲ ಸುನಿಲ್ ಛೆಟ್ರಿ ಒಬ್ಬರದೇ. ಉಳಿದವರು ಲೆಕ್ಕಕ್ಕಿಲ್ಲ, ಸರೀನಾ?

ಛೆಟ್ರಿ ಇಲ್ಲದೆ ಈ ಕ್ಲಬ್ ಇಲ್ಲ. ಮೊದಲ ದಿನದಿಂದ ಇದ್ದವರು, ತಂಡದ ಮುಖ ಅವರೇ. ಅದು ಬೇರೆ ಮಾತು. ಕಪ್ ಗೆದ್ದ ಗೋಲುಗಳನ್ನು ಒಮ್ಮೆ ನೋಡಿ. 2015ರ ಜನವರಿಯಲ್ಲಿ ಡೆಂಪೊ ವಿರುದ್ಧ ಫೆಡರೇಶನ್ ಕಪ್ ಫೈನಲ್, 2-1. ಗೆಲುವಿನ ಗೋಲು ರಾಬಿನ್ ಸಿಂಗ್‌ದು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಇನ್ನೊಂದು ಫೆಡರೇಶನ್ ಕಪ್ ಫೈನಲ್. ಎಕ್ಸ್‌ಟ್ರಾ ಟೈಮ್‌ನಲ್ಲಿ 2-0. ಎರಡೂ ಗೋಲು ಸಿ.ಕೆ. ವಿನೀತ್ ಹೊಡೆದದ್ದು. 2019ರ ಐಎಸ್‌ಎಲ್ ಫೈನಲ್‌ನ ಒಂದೇ ಒಂದು ಗೋಲು ಡಿಫೆಂಡರ್ ರಾಹುಲ್ ಭೆಕೆಯದು.

2017-18ರ ಐಎಸ್‌ಎಲ್‌ನಲ್ಲಿ ಬಿಎಫ್‌ಸಿ ಪರ ಹೆಚ್ಚು ಗೋಲು ಹೊಡೆದವರು ಯಾರು? ವೆನೆಜುವೆಲಾದ ಮಿಕು. ಅವರದು 15, ಛೆಟ್ರಿದು 14. ಇಬ್ಬರು ಸೇರಿ 29. ಇನ್ನು ಹಿಂದೆ ಗುರ್‌ಪ್ರೀತ್ ಸಿಂಗ್ ಸಂಧು, 2018-19ರ ಐಎಸ್‌ಎಲ್‌ನಲ್ಲಿ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಪ್ರಶಸ್ತಿ ಅವರದೇ. ನಡುವೆ ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ತಾಲು. ಇವರ ಹೆಸರು ಈಗಿನ ಹುಡುಗರಿಗೆ ಗೊತ್ತೇ ಇಲ್ಲ ಅಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ವರ್ಷಗಳಲ್ಲಿ ಬಿಎಫ್‌ಸಿ ಯಾವಾಗಲೂ ಮೊದಲ ಸ್ಥಾನದಲ್ಲೇ ಇರುತ್ತಿತ್ತಾ?

2016-17ರ ಐ-ಲೀಗ್‌ನಲ್ಲಿ ನಾಲ್ಕನೇ ಸ್ಥಾನ. ಆ ವರ್ಷ ಗೆದ್ದದ್ದು ಮಿಜೋರಾಂನ ಐಜಾಲ್ ಎಫ್‌ಸಿ.

2018ರ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಸೋತರು ಅಲ್ವಾ?

ಅದು 2023ರದು, ಜನ ಎರಡನ್ನೂ ಕಲಸಿಬಿಡುತ್ತಾರೆ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಚೆನ್ನೈಯಿನ್ ಎಫ್‌ಸಿ ಎದುರು 2-3ರಿಂದ ಸೋತರು. 90 ನಿಮಿಷದ ಒಳಗೇ. ಲೀಗ್ ಹಂತದಲ್ಲಿ ನಮಗೆ 40 ಪಾಯಿಂಟ್, ಚೆನ್ನೈಗೆ 32. ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಗೋಲು ಬೇರೆ. ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಹೆಡರ್. ಎರಡೂ ಕಾರ್ನರ್‌ನಿಂದ. ರೆಫ್ರಿಯನ್ನು ಬೈಯುವ ಅಗತ್ಯ ಇಲ್ಲ, ಕಾರ್ನರ್ ಕಾಯಲಿಲ್ಲ. ಒಂದು ತಿಂಗಳ ನಂತರ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ತಂದರು.

2019ರಲ್ಲಿ ಲೀಗ್ ಶೀಲ್ಡ್ ಕೂಡ ಗೆದ್ದರಂತೆ?

ಆಗ ಶೀಲ್ಡ್ ಅನ್ನುವುದೇ ಇರಲಿಲ್ಲ. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಿಂದ. 2018-19ರಲ್ಲಿ ಬಿಎಫ್‌ಸಿ, ಗೋವಾ ಎರಡಕ್ಕೂ 34 ಪಾಯಿಂಟ್. ಇಬ್ಬರ ನಡುವಿನ ಪಂದ್ಯಗಳ ಲೆಕ್ಕದಲ್ಲಿ ಬಿಎಫ್‌ಸಿ ಮೊದಲು. ಮಾರ್ಚ್ 17ರಂದು, ಅಂದರೆ ಚೆನ್ನೈ ಸೋಲಿಗೆ ಸರಿಯಾಗಿ ಒಂದು ವರ್ಷಕ್ಕೆ, ಮುಂಬೈನಲ್ಲಿ ಅದೇ ಗೋವಾ ವಿರುದ್ಧ ಫೈನಲ್. 117ನೇ ನಿಮಿಷ. ಡಿಮಾಸ್ ಕಾರ್ನರ್, ಭೆಕೆ ಹೆಡರ್, ಕಂಬಕ್ಕೆ ಬಡಿದು ಒಳಗೆ. ಹಿಂದಿನ ವರ್ಷ ಕಾರ್ನರ್‌ನಿಂದ ಸೋತವರು ಈ ವರ್ಷ ಕಾರ್ನರ್‌ನಿಂದ ಗೆದ್ದರು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು ಫೈನಲ್ ಕೂಡ ಗೆದ್ದ ಮೊದಲ ಐಎಸ್‌ಎಲ್ ತಂಡ ಬಿಎಫ್‌ಸಿ. ಶೀಲ್ಡ್ ಇಲ್ಲ, ಆದರೆ ಈ ದಾಖಲೆ ಇದೆ. ಆ ತಂಡದ ಕೋಚ್ ಕಾರ್ಲೆಸ್ ಕ್ವಾದ್ರಾತ್, ರೋಕಾ ಅವರ ಸಹಾಯಕರಾಗಿದ್ದವರು.

ಇದು ಆರ್‌ಸಿಬಿಯವರದೇ ತಂಡನಾ?

ಅಲ್ಲ. ಊರು ಒಂದೇ, ಮಾಲೀಕರು ಬೇರೆ. ಜೆಎಸ್‌ಡಬ್ಲ್ಯೂಗೆ ಐಪಿಎಲ್‌ನಲ್ಲಿ ಪಾಲು ಇರುವುದು ಡೆಲ್ಲಿ ಕ್ಯಾಪಿಟಲ್ಸ್‌ನಲ್ಲಿ!

ಅದೆಲ್ಲ ಬೆಂಗಳೂರಿನವರ ಸಂಭ್ರಮ. ನಮಗೂ ಅದಕ್ಕೂ ಏನು ಸಂಬಂಧ?

ಈ ಮಾತು ಕೇಳಿದರೆ ನನಗೆ ಬೇಜಾರು. ತುಮಕೂರಿಗೂ ಕಂಠೀರವಕ್ಕೂ 70 ಕಿಲೋಮೀಟರ್ ಆಸುಪಾಸು. ಕಂಠೀರವದ ಪಶ್ಚಿಮ ಸ್ಟ್ಯಾಂಡಾದ ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಅಂಗಿ ತೊಟ್ಟು ಕೂಗುತ್ತಿದ್ದವರಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರೂ ಇದ್ದರು. ಪಂದ್ಯ ಮುಗಿದ ಮೇಲೆ ಬೆಂಗಳೂರಿನವರು ಮನೆಗೆ ಹೋಗಿ ಊಟ ಮಾಡುತ್ತಿದ್ದರು. ನಮ್ಮವರು ಮೆಜೆಸ್ಟಿಕ್‌ಗೆ ಓಡಿ ಶಿವಮೊಗ್ಗದ ಕಡೆಯ ಬಸ್ ಹಿಡಿಯುತ್ತಿದ್ದರು. ಹತ್ತುವ ಮೊದಲು ಕಂಡಕ್ಟರ್‌ಗೆ ‘ಸಾರ್, ಊರೊಳಗೆ ಹೋಗುತ್ತಾ, ಬೈಪಾಸಾ?’ ಅಂತ ಕೇಳಲೇಬೇಕು. ಬೈಪಾಸ್ ಅಂದರೆ ಕ್ಯಾತ್ಸಂದ್ರದ ಹತ್ತಿರ ಇಳಿದು, ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಬೇಕು. ಇಷ್ಟು ಮಾಡಿದವರಿಗೆ ಆ ಕಪ್‌ಗಳಲ್ಲಿ ಪಾಲಿಲ್ಲ ಅಂದರೆ ಹೇಗೆ?

ಈಗ ಹೋಗುವವರಿಗೆ ಸುಲಭ. ರೈಲಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಬಸ್ಸಿನಲ್ಲಾದರೆ ಮಾದಾವರ ಅಥವಾ ನಾಗಸಂದ್ರದಲ್ಲೇ ಇಳಿದು ಹಸಿರು ಮಾರ್ಗ ಹಿಡಿಯಿರಿ. ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಕಿಕ್‌ಆಫ್ ತಪ್ಪಿಸಿಕೊಳ್ಳಬೇಡಿ. ವಾಪಸ್ ಬರುವ ಕಡೆಯ ರೈಲಿನ ಸಮಯವನ್ನು ಹೋಗುವಾಗಲೇ ನೋಡಿಟ್ಟುಕೊಳ್ಳಿ.

2019ರ ನಂತರ ತಂಡ ಪೂರ್ತಿ ಮುಗಿದುಹೋಯಿತು, ಅಲ್ವಾ?

ಇಳಿಯಿತು, ನಿಜ. 2020-21ರಲ್ಲಿ ಏಳನೇ ಸ್ಥಾನ. 2023-24ರಲ್ಲಂತೂ ಹತ್ತನೇ ಸ್ಥಾನ. ಕೊರೋನಾದಿಂದ ಎರಡು ಐಎಸ್‌ಎಲ್ ಸೀಸನ್ ಪೂರ್ತಿ ಗೋವಾದಲ್ಲೇ ನಡೆದವು. ಕಂಠೀರವದ ಕೂಗು ಇಲ್ಲದೆ ಈ ತಂಡ ಅರ್ಧ ಅಂತ ನನ್ನ ಅಭಿಪ್ರಾಯ.

ಆದರೆ ‘ಮುಗಿದುಹೋಯಿತು’ ಅನ್ನುವುದು ತಪ್ಪು. 2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಗೆದ್ದರು. ಅದೇ ಸೀಸನ್‌ನ ಐಎಸ್‌ಎಲ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದು ಫೈನಲ್‌ಗೂ ಬಂದರು. ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಸೋತದ್ದು ಅಲ್ಲೇ. 2025ರ ಏಪ್ರಿಲ್‌ನಲ್ಲಿ ಮತ್ತೆ ಫೈನಲ್, ಮತ್ತೆ ಬಗಾನ್, ಎಕ್ಸ್‌ಟ್ರಾ ಟೈಮ್‌ನಲ್ಲಿ 1-2.

2023ರಲ್ಲಿ ಕೇರಳಕ್ಕೆ ಮೋಸ ಮಾಡಿ ಮುಂದೆ ಹೋದರು ಅಂತಾರಲ್ಲ?

ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರಿನ ಐಎಸ್‌ಎಲ್ ಪ್ಲೇಆಫ್ ಪಂದ್ಯ. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್‌ನ 96ನೇ ನಿಮಿಷದಲ್ಲಿ ಬಿಎಫ್‌ಸಿಗೆ ಫ್ರೀ ಕಿಕ್. ಕೇರಳದವರು ಗೋಡೆ ಕಟ್ಟುವ ಮೊದಲೇ ಛೆಟ್ರಿ ಚೆಂಡನ್ನು ಗೋಲಿಗೆ ಒದ್ದರು. ಕೇರಳ ತಂಡ ಮೈದಾನ ಬಿಟ್ಟು ಹೋಯಿತು, ವಾಪಸ್ ಬರಲಿಲ್ಲ.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಸಿಕ್ಕ ತಂಡ ಬೇಕೆಂದರೆ ತಕ್ಷಣ ಒದೆಯಬಹುದು. ಎದುರಾಳಿಯನ್ನು ದೂರ ನಿಲ್ಲಿಸಿ ಅಂತ ಕೇಳಿದಾಗ, ಅಥವಾ ರೆಫ್ರಿ ಕಾರ್ಡ್ ತೋರಿಸಲು ಆಟ ತಡೆದಾಗ ಮಾತ್ರ ಸೀಟಿಗೆ ಕಾಯಬೇಕು. ಕೇರಳ ಸಲ್ಲಿಸಿದ ದೂರನ್ನು ಫುಟ್‌ಬಾಲ್ ಫೆಡರೇಶನ್ ತಳ್ಳಿಹಾಕಿತು. ಮೈದಾನ ಬಿಟ್ಟಿದ್ದಕ್ಕೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಆ ಗೋಲು ಚೆಂದವೋ ಅಲ್ಲವೋ ಅಂತ ಚರ್ಚೆ ಮಾಡಿ, ತಪ್ಪಿಲ್ಲ. ಮೋಸ ಅನ್ನಬೇಡಿ. ಇನ್ನೊಂದು ಮಾತು. ಆ ಗೋಲಿನಿಂದ ನೇರ ಫೈನಲ್‌ಗೆ ಹೋಗಲಿಲ್ಲ. ಲೀಗ್ ಶೀಲ್ಡ್ ಗೆದ್ದಿದ್ದ ಮುಂಬೈ ಸಿಟಿಯನ್ನು ಸೆಮಿಫೈನಲ್‌ನಲ್ಲಿ ದಾಟಬೇಕಿತ್ತು. ಪೆನಾಲ್ಟಿಯಲ್ಲಿ 9-8ರಿಂದ ದಾಟಿದರು.

ಬಿಎಫ್‌ಸಿ ಬರುವ ಮುಂಚೆ ಕರ್ನಾಟಕದಲ್ಲಿ ಫುಟ್‌ಬಾಲೇ ಇರಲಿಲ್ಲ ಅಲ್ವಾ?

ಇತ್ತು ಸ್ವಾಮಿ, ಎಷ್ಟೋ ಇತ್ತು! 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಬ್ರಿಟಿಷ್ ಪಡೆಗಳ ತಂಡಗಳೇ ಮೆರೆಯುತ್ತಿದ್ದ ರೋವರ್ಸ್ ಕಪ್ ಗೆದ್ದಿತ್ತು. ಮರುವರ್ಷ ಮತ್ತೆ ಗೆದ್ದಿತು. ಮೈಸೂರು ರಾಜ್ಯ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಐಟಿಐ, ಎಚ್‌ಎಎಲ್ ತಂಡಗಳು ದೇಶದ ಅಗ್ರ ಲೀಗ್‌ನಲ್ಲಿ ಆಡಿದ್ದವು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಸಂಜೆ ಬೂಟು ಕಟ್ಟಿಕೊಂಡ ಆಟಗಾರರು ಅವರು. ಬಿಎಫ್‌ಸಿ ಬೆಳೆದದ್ದು ಆ ನೆಲದ ಮೇಲೆಯೇ.

ಬಿಎಫ್‌ಸಿಯ ಚಾಂಪಿಯನ್ ತಂಡಗಳಲ್ಲಿ ನಮ್ಮ ರಾಜ್ಯದ ಹುಡುಗರು ಕಡಿಮೆ ಇದ್ದರು ಅನ್ನುವ ದೂರು ಮಾತ್ರ ಸರಿಯೇ. ಶಂಕರ್ ಸಂಪಂಗಿರಾಜ್ ಇದ್ದರು, ಆಮೇಲೆ ಲಿಯಾನ್ ಅಗಸ್ಟಿನ್ ಬಂದರು. ಅದು ಸಾಲದು. ಹಾಗಂತ ಇಲ್ಲಿ ಆಟಗಾರರೇ ಇಲ್ಲ ಅಂತಲ್ಲ. 2023ರ ಮಾರ್ಚ್ 4ರಂದು, ಛೆಟ್ರಿಯ ಆ ಫ್ರೀ ಕಿಕ್‌ನ ಮಾರನೇ ದಿನ, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. 54 ವರ್ಷಗಳ ನಂತರ. ಟಿವಿ, ಮೊಬೈಲ್ ತುಂಬ ಕೇರಳದ ಜಗಳವೇ ಇತ್ತು, ಹಾಗಾಗಿ ಈ ಸುದ್ದಿ ನಮ್ಮ ಊರಲ್ಲಿ ಎಷ್ಟೋ ಜನಕ್ಕೆ ತಲುಪಲೇ ಇಲ್ಲ. ಜೂನಿಯರ್ ಕಾಲೇಜು ಮೈದಾನದ ಹುಡುಗರು ಆ ಫೈನಲ್‌ನ ಗೋಲುಗಳನ್ನೂ ಹುಡುಕಿ ನೋಡಬೇಕು ಅಂತ ನನ್ನ ಆಸೆ.